ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ಮೇಲೆ ಏನು? ಮಾನಸಗಂಗೋತ್ರಿಗೆ ಅರ್ಜಿ ಹಾಕುವ ಮುನ್ನ ಒಂದು ಚರ್ಚೆ

ಮದ್ದೂರಿನ ಪದವೀಧರೆ:

ಎಲ್ಲರಿಗೂ ನಮಸ್ಕಾರ. ಇತಿಹಾಸ ಮತ್ತು ಸಮಾಜಶಾಸ್ತ್ರವನ್ನು ಮುಖ್ಯ ವಿಷಯಗಳಾಗಿ ತೆಗೆದುಕೊಂಡು ಮಂಡ್ಯದಲ್ಲಿ ಬಿ.ಎ. ಮುಗಿಸಿದ್ದೇನೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ ಇದೆ. ನಮ್ಮದು ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಯುವ ಕುಟುಂಬ. ಅಪ್ಪ ಓದಿಗೆ ಅಡ್ಡ ಬರುವವರಲ್ಲ; ಆದರೆ 'ಓದಿ ಮುಗಿಸಿದ ಮೇಲೆ ಏನಾಗ್ತೀಯ' ಎಂದು ಅವರು ಕೇಳಿದಾಗ ನನ್ನ ಬಳಿ ನೇರವಾದ ಉತ್ತರ ಇರುವುದಿಲ್ಲ. ನರ್ಸಿಂಗ್ ಓದಿದರೆ ನರ್ಸ್, ಕಾನೂನು ಓದಿದರೆ ವಕೀಲೆ, ಸಮಾಜಶಾಸ್ತ್ರ ಓದಿದರೆ ಯಾರು ಎಂಬುದು ಅವರ ಪ್ರಶ್ನೆ. ಸೋದರಮಾವ ಬಿ.ಇಡಿ. ಮಾಡಿಬಿಡು ಎನ್ನುತ್ತಾರೆ, ಗೆಳತಿಯರು ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಕಡೆಗೆ ಹೊರಟಿದ್ದಾರೆ.

ನಾನು ತಿಳಿಯಬೇಕಾದದ್ದು ಇಷ್ಟು. ಎಂ.ಎ. ಸಮಾಜಶಾಸ್ತ್ರ ಮಾಡಿದವರು ನಮ್ಮ ಭಾಗದಲ್ಲಿ ನಿಜವಾಗಿ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಎಂ.ಎಸ್.ಡಬ್ಲ್ಯು.ಗೂ ಇದಕ್ಕೂ ಕೆಲಸದ ದೃಷ್ಟಿಯಿಂದ ಎಷ್ಟು ಅಂತರವಿದೆ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ಹೋಗಿ ನಿಯತವಾಗಿ ಓದುವುದು ಮೇಲೋ, ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿ ಮನೆಯಿಂದಲೇ ಓದುವುದು ಸಾಕೋ? ಈ ದಾರಿಯಲ್ಲಿ ನಡೆದವರು ಸಂಕೋಚವಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಅತಿಥಿ ಉಪನ್ಯಾಸಕ, ಮಂಡ್ಯ:

ತಂಗಿ, ನಾನು ಹಲವು ವರ್ಷಗಳಿಂದ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿರುವುದರಿಂದ ಬೋಧನೆಯ ದಾರಿಯನ್ನಷ್ಟೇ ವಿವರಿಸುತ್ತೇನೆ. ಸಮಾಜಶಾಸ್ತ್ರ ಎಂಬ ಹೆಸರನ್ನೇ ಹೊತ್ತ ಹುದ್ದೆಗಳು ಹೆಚ್ಚಾಗಿರುವುದು ಬೋಧನೆಯಲ್ಲೇ.

ಮೊದಲನೆಯದು ಪದವಿಪೂರ್ವ ಕಾಲೇಜು. ಪಿ.ಯು. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದ ಸಂಯೋಜನೆ ಬಹುತೇಕ ಎಲ್ಲ ಸರ್ಕಾರಿ ಕಾಲೇಜುಗಳಲ್ಲಿದೆ. ಈ ಉಪನ್ಯಾಸಕ ಹುದ್ದೆಗೆ ಎಂ.ಎ.ಯಲ್ಲಿ ಶೇಕಡಾ 55 ಅಂಕಗಳ ಜೊತೆಗೆ ಬಿ.ಇಡಿ. ಕೂಡ ಬೇಕು. ನಿಮ್ಮ ಸೋದರಮಾವನ ಮಾತು ಅರ್ಧ ಸರಿ. ಬಿ.ಇಡಿ. ಒಂದರಿಂದ ಈ ಹುದ್ದೆ ಸಿಗುವುದಿಲ್ಲ, ಎಂ.ಎ. ಒಂದರಿಂದಲೂ ಸಿಗುವುದಿಲ್ಲ. ಎರಡಕ್ಕೂ ಎರಡೆರಡು ವರ್ಷ ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಎರಡನೆಯದು ಪದವಿ ಕಾಲೇಜು. ಇಲ್ಲಿ ಬಿ.ಇಡಿ. ಬೇಕಿಲ್ಲ, ಎಂ.ಎ.ಯಲ್ಲಿ ಶೇಕಡಾ 55, ಮೀಸಲು ವರ್ಗದವರಿಗೆ ಶೇಕಡಾ 50, ಜೊತೆಗೆ ರಾಷ್ಟ್ರಮಟ್ಟದ ಎನ್.ಇ.ಟಿ. ಅಥವಾ ರಾಜ್ಯಮಟ್ಟದ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣತೆ ಇರಬೇಕು. ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯವಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಎರಡೂ ಪರೀಕ್ಷೆಗಳ ಚೌಕಟ್ಟು ಒಂದೇ. ಮೊದಲ ಪತ್ರಿಕೆಯಲ್ಲಿ ಬೋಧನೆ, ಸಂಶೋಧನಾ ಅಭಿರುಚಿ, ತರ್ಕ ಮುಂತಾದವುಗಳ ಮೇಲೆ 50 ಪ್ರಶ್ನೆ, ಎರಡನೆಯದರಲ್ಲಿ ನಿಮ್ಮ ವಿಷಯದ ಮೇಲೆ 100 ಪ್ರಶ್ನೆ, ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೆ-ಸೆಟ್ ಪರೀಕ್ಷೆಯನ್ನು ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಇದರಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೂ ಓದಬಹುದು, ಎನ್.ಇ.ಟಿ.ಯಲ್ಲಿ ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಹಾಗೆಂದು ಕೆ-ಸೆಟ್‌ ಒಂದಕ್ಕೇ ಅಂಟಿಕೊಳ್ಳಬೇಡಿ, ಅದರ ಅರ್ಹತೆ ಕರ್ನಾಟಕದ ಗಡಿಯೊಳಗೆ ಮಾತ್ರ ನಡೆಯುತ್ತದೆ.

ಇನ್ನು, ಅರ್ಹತೆ ಬೇರೆ, ಹುದ್ದೆ ಬೇರೆ. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಅಧಿಸೂಚನೆ ಬಂದಿತು. ಅದು ರಾಜ್ಯದ ಎಲ್ಲ ವಿಷಯಗಳಿಗೂ ಸೇರಿದ ಸಂಖ್ಯೆ. ಕನ್ನಡ, ಇಂಗ್ಲಿಷ್, ವಾಣಿಜ್ಯಶಾಸ್ತ್ರದವರೆಲ್ಲ ಅದರಲ್ಲೇ ಇದ್ದರು. ಇಂತಹ ಅಧಿಸೂಚನೆ ವರ್ಷ ವರ್ಷ ಬರುವುದಿಲ್ಲ. ಅದು ಬರುವ ತನಕ ನನ್ನಂಥವರು ಅತಿಥಿ ಉಪನ್ಯಾಸಕರಾಗಿ ಗೌರವಧನದ ಮೇಲೆ ದುಡಿಯುತ್ತೇವೆ. ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಕಾಯಂ ಉಪನ್ಯಾಸಕರೊಬ್ಬರು ವರ್ಗಾವಣೆಯಾಗಿ ಬಂದರೆ ನಮ್ಮ ಕಾರ್ಯಭಾರ ಅವರಿಗೆ ಹೋಗುತ್ತದೆ, ನಾವು ಮತ್ತೊಂದು ಕಾಲೇಜಿನ ಬಾಗಿಲು ಬಡಿಯಬೇಕು. ಪಾಠ ಮಾಡುವುದರಲ್ಲಿ ನನಗೆ ಸಿಗುವ ಸಂತೋಷ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಸಂತೋಷದಿಂದ ಬಾಡಿಗೆ ಕಟ್ಟಲಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಾರೆ.

ಎಂ.ಎಸ್.ಡಬ್ಲ್ಯು. ಮಾಡಿದವರು, ಬೋಗಾದಿ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೇಗ ಸಂಬಳ ಬೇಕಾದರೆ ಎಂ.ಎಸ್.ಡಬ್ಲ್ಯು. ವಾಸಿ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಷೇಮಾಧಿಕಾರಿಯನ್ನು ನೇಮಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಕಡ್ಡಾಯ ಮಾಡಿತ್ತು. ನಂಜನಗೂಡು, ಹೆಬ್ಬಾಳು, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲೂ ಮದ್ದೂರು ಕಡೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲೂ ಇಂತಹ ಕೆಲಸಕ್ಕೆ ಸಾಮಾನ್ಯವಾಗಿ ಎಂ.ಎಸ್.ಡಬ್ಲ್ಯು. ಆದವರನ್ನೇ ಕೇಳುತ್ತಾರೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹುದ್ದೆ, ಆಪ್ತ ಸಮಾಲೋಚನೆ ಮುಂತಾದ ಕಡೆಗಳಲ್ಲೂ ಹಾಗೆಯೇ. ಕಾರಣ ಸರಳ. ನಮ್ಮ ಪದವಿಯಲ್ಲಿ ಮೊದಲ ಸೆಮಿಸ್ಟರಿನಿಂದಲೇ ಕ್ಷೇತ್ರ ಕಾರ್ಯ ಕಡ್ಡಾಯ, ವಾರದಲ್ಲಿ ನಿಗದಿತ ದಿನ ಯಾವುದೋ ಸಂಸ್ಥೆಯಲ್ಲಿ ಇದ್ದು ವರದಿ ಬರೆಯಲೇಬೇಕು. ಎಂ.ಎ. ಸಮಾಜಶಾಸ್ತ್ರದವರು ಸಿದ್ಧಾಂತದಲ್ಲಿ ನಮಗಿಂತ ಗಟ್ಟಿ, ಆದರೆ ಕೊನೆಯ ವರ್ಷದ ಪ್ರಬಂಧ ಬಿಟ್ಟರೆ ಅವರು ಹೊರಗೆ ಕಾಲಿಡುವುದು ಕಡಿಮೆ.

ಹಾಗೆಂದು, ಕಾರ್ಖಾನೆಯ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೂತು ರಜೆ ಅರ್ಜಿಗಳನ್ನೂ ಭವಿಷ್ಯನಿಧಿ ಕಡತಗಳನ್ನೂ ನೋಡಿಕೊಳ್ಳುವ ಕೆಲಸ ನಿಮಗೆ ಹಿಡಿಸುತ್ತದೆಯೇ ಎಂದು ಕೇಳಿಕೊಳ್ಳಿ. ನನ್ನ ಜೊತೆಯವರಲ್ಲಿ 'ಸಮಾಜಸೇವೆ' ಎಂದು ಬಂದು ಇದನ್ನು ಕಂಡು ಬೇಸತ್ತವರಿದ್ದಾರೆ.

ಕ್ಷೇತ್ರ ಸಂಶೋಧಕಿ, ಮೈಸೂರು:

ಸಮಾಜಶಾಸ್ತ್ರದವರು ಹೊರಗೆ ಕಾಲಿಡುವುದಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೂ ಅದರಲ್ಲಿ ಸತ್ಯವಿದೆ. ನಾನು ಎಂ.ಎ. ಮುಗಿಸಿ ಸಂಶೋಧನಾ ಯೋಜನೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ದಾರಿಯ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೈಸೂರಿನಲ್ಲಿ ಸಮಾಜದ ಅಧ್ಯಯನಕ್ಕೆ ಸಂಬಂಧಿಸಿದ ಸಂಸ್ಥೆಗಳು ಒಂದು ಊರಿಗೆ ಹೆಚ್ಚೇ ಎನ್ನುವಷ್ಟಿವೆ. ಭಾರತೀಯ ಮಾನವಶಾಸ್ತ್ರೀಯ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇಲ್ಲಿದೆ. ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ ಇಲ್ಲಿದೆ. ಪಂಚಾಯತ್ ಪ್ರತಿನಿಧಿಗಳಿಗೂ ಸಿಬ್ಬಂದಿಗೂ ತರಬೇತಿ ನೀಡುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇಲ್ಲಿದೆ. 1984ರಲ್ಲಿ ಆರಂಭವಾಗಿ ಎಚ್.ಡಿ. ಕೋಟೆ, ಸರಗೂರು ಭಾಗದಲ್ಲಿ ಬೇರೂರಿದ ಸ್ವಾಮಿ ವಿವೇಕಾನಂದ ಯುವಕ ಸಂಘಟನೆ ಇದೆ; ನೀತಿ ಸಂಶೋಧನೆ ನಡೆಸುವ ಗ್ರಾಮ್ ಇದೆ. ಬೆಂಗಳೂರಿಗೆ ಹೋಗಲು ಸಿದ್ಧವಿದ್ದರೆ, 1972ರಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್ ಇದೆ. ಇವುಗಳ ಹೆಸರು ಕೇಳಿ ಅಲ್ಲೆಲ್ಲ ಖಾಲಿ ಹುದ್ದೆ ಕಾದಿದೆ ಎಂದುಕೊಳ್ಳಬಾರದು. ಇಂತಹ ಕಡೆ ಹೊಸಬರಿಗೆ ಸಿಗುವುದು ಬಹುಪಾಲು ಯೋಜನೆಯ ಅವಧಿಗೆ ಸೀಮಿತವಾದ ಕೆಲಸ: ಕ್ಷೇತ್ರ ತನಿಖೆಗಾರ, ಸಂಶೋಧನಾ ಸಹಾಯಕ, ಮೇಲ್ವಿಚಾರಕ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಮುಂದಿನದನ್ನು ನಾವೇ ಹುಡುಕಿಕೊಳ್ಳಬೇಕು.

ಈ ಕೆಲಸದಲ್ಲಿ ಏನು ಬೇಕಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಹಳ್ಳಿಯ ತಾಯಿಯೊಬ್ಬರನ್ನು 'ನಿಮಗೆ ಎಷ್ಟು ಮಕ್ಕಳು' ಎಂದು ಕೇಳಿದರೆ ಬರುವ ಉತ್ತರವನ್ನು ಹಾಗೆಯೇ ಬರೆದುಕೊಳ್ಳುವಂತಿಲ್ಲ. ಮದುವೆಯಾಗಿ ಹೋದ ಮಗಳನ್ನು ಕೆಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ; ಹುಟ್ಟಿ ಕೆಲವೇ ದಿನ ಬದುಕಿದ ಕೂಸಿನ ವಿಷಯವನ್ನು ಯಾರೂ ತಾವಾಗಿ ಎತ್ತುವುದಿಲ್ಲ. ಅದಕ್ಕಾಗಿಯೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತಹ ಅಧ್ಯಯನಗಳಲ್ಲಿ ಜೊತೆಯಲ್ಲಿರುವ ಮಕ್ಕಳು, ಬೇರೆಡೆ ಇರುವ ಮಕ್ಕಳು, ತೀರಿಹೋದ ಮಕ್ಕಳು ಎಂದು ಪ್ರತ್ಯೇಕವಾಗಿ ಕೇಳುತ್ತಾರೆ. ಹಾಗೆಯೇ 'ಮನೆ' ಎಂದರೆ ಯಾವುದು? ಒಂದೇ ಹೆಂಚಿನ ಕೆಳಗೆ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದರೆ ಜನಗಣತಿಯ ಲೆಕ್ಕದಲ್ಲಿ ಅವು ಎರಡು ಕುಟುಂಬಗಳು. ಪಡಿತರ ಚೀಟಿಯಲ್ಲಿ ಒಂದೇ ಇರಬಹುದು, ಪಹಣಿಯಲ್ಲಿ ತಾತನ ಹೆಸರೇ ಇರಬಹುದು. ಇದನ್ನು ಬಿಡಿಸಿ ಕೇಳುವುದಕ್ಕೆ ಊರಿನ ನುಡಿ ಗೊತ್ತಿರಬೇಕು, ಅದು ಏಕೆ ಮುಖ್ಯ ಎಂದು ತಿಳಿಯುವುದಕ್ಕೆ ಸಮಾಜಶಾಸ್ತ್ರ ಗೊತ್ತಿರಬೇಕು. ಮಂಡ್ಯದ ಹೆಣ್ಣುಮಕ್ಕಳಿಗೆ ಮೊದಲನೆಯದು ಹುಟ್ಟಿನಿಂದ ಬಂದಿರುತ್ತದೆ. ದೊಡ್ಡ ನಗರಗಳ ದೊಡ್ಡ ವಿಶ್ವವಿದ್ಯಾಲಯಗಳಿಂದ ಬಂದವರು ನಮ್ಮ ತಂಡದಲ್ಲಿ ತಡವರಿಸುವುದು ಇಲ್ಲಿಯೇ.

ಅವರು ನಮ್ಮನ್ನು ಹಿಂದೆ ಹಾಕುವುದು ಬೇರೆ ಕಡೆ. ಟ್ಯಾಬ್ಲೆಟ್‌ನಲ್ಲಿ ಕೋಬೋ ಟೂಲ್‌ಬಾಕ್ಸ್‌ನಂತಹ ತಂತ್ರಾಂಶ ಬಳಸಿ ಪ್ರಶ್ನಾವಳಿ ಕಟ್ಟುವುದು, ಎಸ್‌ಪಿಎಸ್‌ಎಸ್ ಅಥವಾ ಆರ್ ಎಂಬ ಅಂಕಿಅಂಶದ ತಂತ್ರಾಂಶದಲ್ಲಿ ಕೋಷ್ಟಕ ತೆಗೆಯುವುದು, ಕನ್ನಡದ ಸಂದರ್ಶನವನ್ನು ಅಕ್ಷರಕ್ಕಿಳಿಸಿ ಇಂಗ್ಲಿಷಿನಲ್ಲಿ ವರದಿ ಬರೆಯುವುದು, ಈ ಮೂರನ್ನೂ ಆಯ್ಕೆಯ ಹೊತ್ತಿನಲ್ಲಿ ಮಾಡಿ ತೋರಿಸಲು ಕೇಳುತ್ತಾರೆ. ಸಂಶೋಧನಾ ವಿಧಾನ ಎಂಬ ಪತ್ರಿಕೆಯನ್ನು ಟಿಪ್ಪಣಿ ಉರುಹೊಡೆದು ಪಾಸು ಮಾಡಿದವರು ಅಲ್ಲಿಯೇ ಉಳಿದುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡು ವರ್ಷದ ಎಂ.ಎ.ಯಲ್ಲಿ ಕೆಲಸ ಕೊಡಿಸುವ ಪತ್ರಿಕೆ ಅದೊಂದೇ. ಉಳಿದವು ಆ ಕೆಲಸವನ್ನು ಬುದ್ಧಿಯಿಂದ ಮಾಡಲು ಕಲಿಸುತ್ತವೆ.

ಹಳೆಯ ವಿದ್ಯಾರ್ಥಿ, ಕೆ.ಆರ್. ಪೇಟೆ:

ಮೇಲಿನವರೆಲ್ಲ ಸಭ್ಯವಾಗಿ ಬರೆದಿದ್ದಾರೆ. ಕಹಿಯಾದದ್ದನ್ನು ನಾನು ಹೇಳುತ್ತೇನೆ. ನಾನು ಗಂಗೋತ್ರಿಯಲ್ಲಿ ಇದೇ ಎಂ.ಎ. ಮಾಡಿದೆ, ಈಗ ಪ್ರಥಮ ದರ್ಜೆ ಸಹಾಯಕ. ಈ ಹುದ್ದೆಗೂ ನಾನು ಓದಿದ ವೆಬರ್, ದುರ್ಖೈಮ್‌ರಂತಹ ಸಮಾಜಶಾಸ್ತ್ರಜ್ಞರಿಗೂ ಯಾವ ಸಂಬಂಧವೂ ಇಲ್ಲ. ನನ್ನ ತರಗತಿಯಲ್ಲಿ ವಿಷಯಕ್ಕಾಗಿ ಬಂದವರಿಗಿಂತ ಹಾಸ್ಟೆಲ್ಲಿಗಾಗಿ, ಗ್ರಂಥಾಲಯದ ಕುರ್ಚಿಗಾಗಿ ಬಂದವರೇ ಹೆಚ್ಚು. ಮೈಸೂರಿನಲ್ಲಿ ನೆಲೆ ಸಿಕ್ಕರೆ ಕೆ.ಎ.ಎಸ್.ಗೆ, ಪಿ.ಎಸ್.ಐ. ಪರೀಕ್ಷೆಗೆ ಓದಬಹುದೆಂಬುದು ಲೆಕ್ಕಾಚಾರ. ಬಡ ಮನೆಯ ಮಕ್ಕಳು ಹಾಗೆ ಮಾಡುವುದನ್ನು ನಾನು ಹಳಿಯುವುದಿಲ್ಲ, ಆದರೆ ಆ ಲೆಕ್ಕವೂ ಈಗ ಮೊದಲಿನಂತಿಲ್ಲ. ಕೆ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವನ್ನೇ ತೆಗೆದುಹಾಕಿದ್ದಾರೆ. ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳೂ ಪ್ರಬಂಧವೂ ಅಂಕಕ್ಕೆ ಸೇರುತ್ತವೆ. ಸಮಾಜಶಾಸ್ತ್ರ ಐಚ್ಛಿಕವಾಗಿ ಉಳಿದಿರುವುದು ಯು.ಪಿ.ಎಸ್.ಸಿ.ಯಲ್ಲಿ, ತಲಾ 250 ಅಂಕಗಳ ಎರಡು ಪತ್ರಿಕೆಗಳು. ಅದನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಆದರೆ ಓದುವ ಸಾಮಗ್ರಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಐಚ್ಛಿಕ ವಿಷಯ ಗಟ್ಟಿಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಎರಡು ವರ್ಷ ಹೂಡುವುದಾದರೆ, ಎಂ.ಎ. ಇಲ್ಲದೆಯೂ ಆ ಪಠ್ಯವನ್ನು ಓದಿ ಮುಗಿಸಬಹುದು.

ಇನ್ನೊಂದು ಸಣ್ಣ ವಿಷಯ. ಪದವಿಯಾಗಿ ಕೆಲಸವಿಲ್ಲದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯು ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅನ್ವಯಿಸುವುದಿಲ್ಲ. ಮನೆಯಲ್ಲಿ ಆ ಹಣವನ್ನು ಎಣಿಸಿಕೊಂಡಿದ್ದರೆ ಮೊದಲೇ ತಿಳಿಸಿಬಿಡಿ.

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ:

ಕೆ.ಆರ್. ಪೇಟೆಯ ಮಿತ್ರರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ವಿಷಯಕ್ಕಾಗಿ ಬರದವರ ಅನುಭವದಿಂದ ವಿಷಯವನ್ನು ಅಳೆಯುವುದು ನ್ಯಾಯವಲ್ಲ. ಈ ಹುಡುಗಿ ಕೇಳಿರುವುದು ಮದ್ದೂರಿನಿಂದ. ಸಮಾಜಶಾಸ್ತ್ರದ ಮಟ್ಟಿಗೆ ಮಂಡ್ಯ ಮತ್ತು ಮೈಸೂರು ಸಾಮಾನ್ಯ ಜಾಗಗಳಲ್ಲ ಎಂಬುದನ್ನು ಇಲ್ಲಿಯ ವಿದ್ಯಾರ್ಥಿಗಳೇ ಮರೆತಿರುವುದು ನನಗೆ ಸೋಜಿಗ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಎ.ಆರ್. ವಾಡಿಯಾ ಅವರು ತತ್ತ್ವಶಾಸ್ತ್ರದ ಜೊತೆಜೊತೆಗೆ ಸಮಾಜಶಾಸ್ತ್ರವನ್ನೂ ತಂದವರು. ದೇಶದಲ್ಲಿ ಈ ವಿಷಯಕ್ಕೆ ಮೊದಲು ನೆಲೆ ಕೊಟ್ಟ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ನಮ್ಮದೂ ಒಂದು. ಅದೇ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಂದೆ ಬೊಂಬಾಯಿಗೂ ಆಕ್ಸ್‌ಫರ್ಡ್‌ಗೂ ಹೋದರು, ಆದರೆ 1948ರಲ್ಲಿ ಅಧ್ಯಯನಕ್ಕೆ ಆರಿಸಿಕೊಂಡದ್ದು ಮೈಸೂರಿಗೆ ಸಮೀಪದ, ತಾವು ರಾಂಪುರ ಎಂದು ಹೆಸರಿಟ್ಟ ಹಳ್ಳಿಯನ್ನು. ಜಮೀನು, ಜನಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿಗೆ ಇಂದು ದೇಶದ ಪತ್ರಿಕೆಗಳೆಲ್ಲ ಬಳಸುವ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಗಟ್ಟಿಯಾದದ್ದು ಈ ಸೀಮೆಯ ಹಳ್ಳಿಗಳನ್ನು ನೋಡಿ.

ಮಂಡ್ಯದ ಪಾಲು ಇದಕ್ಕಿಂತ ಕಡಿಮೆಯಿಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಮಂಡ್ಯ ಸುತ್ತಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಅವುಗಳನ್ನು ಅವರು ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಕರೆದರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲದ ಹೊಲಗಳಿಗೆ ಬಂತು, ನಾಲೆಗಿಂತ ಎತ್ತರದಲ್ಲಿದ್ದ ದಲೇನದ ಹೊಲಗಳಿಗೆ ಏರಲಿಲ್ಲ. ನೀರು ಬಂದ ಊರು ಬೇಗ ಬದಲಾಗಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ಬೇರೆ. ವಂಗಲದಲ್ಲಿ ಕಬ್ಬಿನಿಂದ ಹಣ ಬಂತು, ಆದರೆ ಒಕ್ಕಲುತನವೇ ಇನ್ನಷ್ಟು ಬಲವಾಗಿ, ಒಡೆಯ ಮತ್ತು ಆಳಿನ ವಂಶಪಾರಂಪರ್ಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಸಿಗದ ದಲೇನದವರು ಮಂಡ್ಯದ ಪೇಟೆಗೆ, ಕೆಲಸಗಳಿಗೆ, ವ್ಯಾಪಾರಕ್ಕೆ ಹೊರಟರು. ಹಳೆಯ ಕಟ್ಟುಗಳು ಅಲ್ಲಿಯೇ ಮೊದಲು ಸಡಿಲವಾದವು. 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಂಪನಿ, ನಾಲೆ, ಜಾತಿ ಇವು ಮೂರೂ ಒಂದೇ ಹೆಣಿಗೆಯಲ್ಲಿ ಸೇರಿರುವುದನ್ನು ತೋರಿಸಿದ ಆ ಅಧ್ಯಯನವನ್ನು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಓದಿಸುತ್ತಾರೆ. ಮಗಳೇ, ನಿಮ್ಮ ತಂದೆಯ ಗದ್ದೆ ಆ ನಾಲೆಯ ಬಯಲಿನಲ್ಲೇ ಇರಬಹುದು.

ಕೆಲಸದ ವಿಷಯದಲ್ಲಿ ನನ್ನದು ಒಂದೇ ಮಾತು. ಸೇರುವ ಮುನ್ನವೇ ಬೋಧನೆಯೋ ಸಂಶೋಧನೆಯೋ ಎಂದು ಒಂದನ್ನು ಆರಿಸಿಕೊಂಡು, ಮೊದಲ ಸೆಮಿಸ್ಟರಿನಿಂದ ಅದಕ್ಕೆ ತಕ್ಕಂತೆ ಓದುವವರು ಉಳಿದುಕೊಳ್ಳುತ್ತಾರೆ. 'ಮುಗಿಯಲಿ, ಆಮೇಲೆ ನೋಡೋಣ' ಎನ್ನುವವರಿಗೆ ಮುಗಿದ ಮೇಲೆ ನೋಡಲು ಹೆಚ್ಚೇನೂ ಇರುವುದಿಲ್ಲ.

ಮದ್ದೂರಿನ ಪದವೀಧರೆ:

ಎಲ್ಲರಿಗೂ ಧನ್ಯವಾದಗಳು. ಸರ್, ವಂಗಲ ಮತ್ತು ದಲೇನದ ವಿಷಯ ನಮಗೆ ಪದವಿಯಲ್ಲಿ ಯಾರೂ ಹೇಳಿರಲಿಲ್ಲ. ನಿಮ್ಮ ಮಾತಿನಂತೆ ಆರಿಸಿಕೊಳ್ಳುವುದಾದರೆ ನನ್ನ ಮನಸ್ಸು ಸಂಶೋಧನೆಯ ಕಡೆಗೆ ವಾಲುತ್ತಿದೆ, ಆದರೆ ಮನೆಯವರಿಗೆ ಬೋಧನೆಯೇ ಧೈರ್ಯ ಕೊಡುತ್ತದೆ. ಒಂದು ಅಳುಕು ಇಂಗ್ಲಿಷಿನದು. ನಾನು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ.

ಇನ್ನೊಂದು ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ನಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು, ಹೆಚ್ಚಿನವರು ಕೃಷಿಕರು, ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ದೇಶದ ಪತ್ರಿಕೆಗಳೆಲ್ಲ ಅದನ್ನು ನಗೆಚಟಾಕಿಯಂತೆ ಬರೆದವು. ನಮ್ಮ ಬಂಧುಗಳಲ್ಲೇ ಅಂಥವರಿರುವುದರಿಂದ ನನಗೆ ಅದು ನಗುವ ವಿಷಯವಾಗಿ ಕಾಣಲಿಲ್ಲ. ಅದನ್ನು ಎಂ.ಎ. ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬಹುದೇ, ಅಥವಾ ಅದು ತೀರಾ ಮನೆಯೊಳಗಿನ ಮಾತಿನಂತಾಯಿತೇ?

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ:

ಖಂಡಿತ ತೆಗೆದುಕೊಳ್ಳಬಹುದು, ಇದಕ್ಕಿಂತ ಒಳ್ಳೆಯ ವಿಷಯವನ್ನು ನಾನು ಸೂಚಿಸಲಾರೆ. ಆದರೆ 'ರೈತರಿಗೆ ಹೆಣ್ಣು ಏಕೆ ಸಿಗುತ್ತಿಲ್ಲ' ಎಂಬುದು ಊರ ಕಟ್ಟೆಯ ಪ್ರಶ್ನೆ, ಅದಿನ್ನೂ ಸಂಶೋಧನೆಯ ಪ್ರಶ್ನೆಯಾಗಿಲ್ಲ. ಅದನ್ನು ಬಿಡಿಸಬೇಕು.

ಒಂದು ಎಳೆ ಸಂಖ್ಯೆಯದು. ಇಂದು ಮೂವತ್ತರ ಆಸುಪಾಸಿನಲ್ಲಿರುವ ಗಂಡಸರು ಹುಟ್ಟಿದ್ದು 1990ರ ದಶಕದಲ್ಲಿ, ಭ್ರೂಣಲಿಂಗ ಪತ್ತೆಯ ಯಂತ್ರಗಳು ಸಣ್ಣ ಪಟ್ಟಣಗಳಿಗೆ ಬಂದ ಕಾಲದಲ್ಲಿ. ಅದನ್ನು ತಡೆಯುವ ಕಾಯ್ದೆ 1994ರಲ್ಲೇ ಆದರೂ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದ ಪ್ರಕರಣ ಹೊರಬಿದ್ದದ್ದು ಎಲ್ಲರಿಗೂ ಗೊತ್ತು. ಎರಡನೆಯ ಎಳೆ ಜಮೀನಿನದು. ಪಾಲಾಗಿ ಪಾಲಾಗಿ ಉಳಿದ ತುಂಡು ಗದ್ದೆಯಲ್ಲಿ ಕಬ್ಬು ಬೆಳೆದು ಬಾಕಿ ಹಣಕ್ಕೆ ಕಾಯುವ ಮನೆಗೆ ಮಗಳನ್ನು ಕೊಡಲು ಇನ್ನೊಬ್ಬ ರೈತನೇ ಹಿಂಜರಿಯುತ್ತಾನೆ. ಮೂರನೆಯದು ಹೆಣ್ಣುಮಕ್ಕಳ ಓದು. ಅವರು ಓದಿದ್ದಾರೆ, ಬೆಂಗಳೂರು ಕಂಡಿದ್ದಾರೆ, ಕೊಟ್ಟಿಗೆ ಕೆಲಸ ಬೇಡ ಎನ್ನುವ ಹಕ್ಕು ಅವರಿಗಿದೆ. ಈ ಮೂರರಲ್ಲಿ ಯಾವುದು ಯಾವ ಜಾತಿಯಲ್ಲಿ, ಎಷ್ಟು ಜಮೀನಿರುವ ಮನೆಗಳಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಎಪ್‌ಸ್ಟೈನ್ ಮಾಡಿದಂತೆ ನೀರಾವರಿಯ ಒಂದು ಊರು, ಮಳೆಯಾಶ್ರಯದ ಒಂದು ಊರು ತೆಗೆದುಕೊಂಡರೆ ಹೋಲಿಕೆಗೆ ಬಲ ಬರುತ್ತದೆ. ಎಂ.ಎ. ಮಟ್ಟಕ್ಕೆ ಎರಡು ಚಿಕ್ಕ ಊರು ಸಾಕು, ಇಡೀ ಜಿಲ್ಲೆಯನ್ನು ಹೊರಲು ಹೋಗಬೇಡಿ.

ಮತ್ತೊಂದು ಮುಖ್ಯ ಸಂಗತಿ. ಪಾದಯಾತ್ರೆಯ ಸುದ್ದಿಯಲ್ಲಿ ಕೇಳಿಸಿದ್ದು ಗಂಡಸರ ದನಿ. ಆ ಊರುಗಳಿಂದ ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಅವರ ತಾಯಂದಿರನ್ನೂ ಯಾರೂ ಕೂರಿಸಿ ಕೇಳಿದಂತಿಲ್ಲ. ನಿಮ್ಮಂಥವರಿಗೆ ಅವರು ಅಡುಗೆಮನೆಯಲ್ಲಿ ಕೂತು ಹೇಳುವುದನ್ನು ನನ್ನಂಥ ಮುದುಕನಿಗೆ ಜಗಲಿಯಲ್ಲಿ ಹೇಳುವುದಿಲ್ಲ. ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಿಸಿ ಬರೆಯಿರಿ, ಬಂಧುಗಳನ್ನು ಸಂದರ್ಶನದಿಂದ ಹೊರಗಿಡಿ.

ಇಂಗ್ಲಿಷಿನ ವಿಷಯ. ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಉತ್ತಮ ದರ್ಜೆ ಪಡೆದವರು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಬರೆಯುವುದು ಕನ್ನಡದಲ್ಲಿರಲಿ, ಓದುವುದು ಎರಡರಲ್ಲೂ ಇರಲಿ. ಮೊದಲ ವರ್ಷ ಶ್ರೀನಿವಾಸ್ ಅವರ ಇಂಗ್ಲಿಷಿನಿಂದ ಆರಂಭಿಸಿ. ಅದು ತಿಳಿಯಾಗಿದೆ, ವಿಷಯ ನಿಮ್ಮ ಊರಿನದೇ ಆದ್ದರಿಂದ ಅರ್ಧ ಅರ್ಥ ನಿಮಗೆ ಮೊದಲೇ ಗೊತ್ತಿರುತ್ತದೆ. ಅಮೆರಿಕದ ಸಿದ್ಧಾಂತಿ ಪಾರ್ಸನ್ಸ್‌ನನ್ನು ಆಮೇಲೆ ನೋಡಿಕೊಳ್ಳೋಣ. ಅವನ ಇಂಗ್ಲಿಷು ಇಂಗ್ಲಿಷರಿಗೂ ಕಷ್ಟ.

ಹಳೆಯ ವಿದ್ಯಾರ್ಥಿ, ಕೆ.ಆರ್. ಪೇಟೆ:

ಸರ್, ನಮಗೂ ಯಾರಾದರೂ ಪ್ರಬಂಧವನ್ನು ಹೀಗೆ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ನಮ್ಮ ಕಾಲದಲ್ಲಿ ಹಿಂದಿನ ವರ್ಷದ ಪ್ರಬಂಧದ ಹಳ್ಳಿಯ ಹೆಸರು ಬದಲಿಸಿ ಬೈಂಡ್ ಮಾಡಿಸಿ ಕೊಟ್ಟವರಿದ್ದರು. ಆದರೂ ನನ್ನ ಮಾತು ಹಿಂತೆಗೆಯುವುದಿಲ್ಲ. ಸಂಶೋಧನೆಯಲ್ಲಿ ಮುಂದುವರಿಯಬೇಕಾದರೆ ಪಿಎಚ್.ಡಿ. ಬೇಕು, ಆ ವರ್ಷಗಳಲ್ಲಿ ಊಟಕ್ಕೇನು ಮಾಡುವುದು?

ಕ್ಷೇತ್ರ ಸಂಶೋಧಕಿ, ಮೈಸೂರು:

ಅದಕ್ಕೆ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಇದೆ. ಎನ್.ಇ.ಟಿ.ಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇದಕ್ಕೆ 30 ವರ್ಷದ ವಯೋಮಿತಿಯಿದ್ದು, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷದ ಸಡಿಲಿಕೆ ಇದೆ. ಕೆ-ಸೆಟ್‌ನಲ್ಲಿ ಈ ವೇತನವಿಲ್ಲ. ಎನ್.ಇ.ಟಿ. ಅಂಕಗಳನ್ನು 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುತ್ತಿದ್ದಾರೆ. ಆದ್ದರಿಂದ ಇಂಗ್ಲಿಷಿನ ಅಳುಕು ಎಷ್ಟೇ ಇದ್ದರೂ ಎನ್.ಇ.ಟಿ.ಯನ್ನು ಬಿಡಬಾರದು. ಜೆ.ಆರ್.ಎಫ್. ಇಲ್ಲದೆ ಸ್ವಂತ ಹಣದಲ್ಲಿ ಪಿಎಚ್.ಡಿ. ಮಾಡಲು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ನರ್ಸಿಂಗ್ ಕಾಲೇಜಿನ ಬೋಧಕಿ, ಮೈಸೂರು:

ಯಾರೂ ಹೇಳದ ಒಂದು ಸಣ್ಣ ದಾರಿ ಇದೆ. ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಸಮಾಜಶಾಸ್ತ್ರ ಕಡ್ಡಾಯ ಪತ್ರಿಕೆ, ಐದು ವರ್ಷದ ಕಾನೂನು ಪದವಿಯಲ್ಲೂ ಸಮಾಜಶಾಸ್ತ್ರ ಬರುತ್ತದೆ. ಮೈಸೂರು ಮತ್ತು ಮಂಡ್ಯದಲ್ಲಿ ಇಂತಹ ಕಾಲೇಜುಗಳು ಸಾಕಷ್ಟಿವೆ. ಹೆಚ್ಚಿನ ಕಡೆ ಇದು ಅರೆಕಾಲಿಕ ಬೋಧನೆ, ಹಾಗಾಗಿ ಇದನ್ನೇ ನೆಚ್ಚಿ ಕೂರಬಾರದು. ಕೆ-ಸೆಟ್‌ಗೆ ಓದುತ್ತಾ ಕೈಖರ್ಚಿಗೆ ದುಡಿಯಲು ಅನುಕೂಲ. ಇಂಗ್ಲಿಷಿನಲ್ಲಿ ಪಾಠ ಮಾಡಬೇಕಾಗುವುದರಿಂದ ನಾಲಗೆಯೂ ತಿರುಗುತ್ತದೆ.

ಅತಿಥಿ ಉಪನ್ಯಾಸಕ, ಮಂಡ್ಯ:

ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಎಂ.ಎ. ನೇಮಕಾತಿಗೆ ಸಲ್ಲುತ್ತದೆ, ನೀವು ಸೇರುವ ಶೈಕ್ಷಣಿಕ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಈಗಾಗಲೇ ಕೆಲಸದಲ್ಲಿರುವವರಿಗೆ ಅದು ಒಳ್ಳೆಯದು. ಆದರೆ ಸಂಶೋಧನೆಯ ಕಡೆ ಮನಸ್ಸಿರುವವರಿಗೆ ಮಾರ್ಗದರ್ಶಕರ ಒಡನಾಟ, ಗ್ರಂಥಾಲಯ, ವಾದ ಮಾಡುವ ಸಹಪಾಠಿಗಳು ಬೇಕು. ಅವು ಅಂಚೆಯಲ್ಲಿ ಬರುವುದಿಲ್ಲ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ನಮ್ಮ ವಿದ್ಯಾರ್ಥಿನಿಯರಲ್ಲಿ ಗಂಗೋತ್ರಿಗೆ ಓಡಾಡಿ ಓದುವವರಿದ್ದಾರೆ. ಮದ್ದೂರಿನಿಂದ ದಿನವೂ ಓಡಾಡುವುದು ಆಯಾಸ, ಹಾಸ್ಟೆಲ್ಲಿಗೆ ಪ್ರಯತ್ನಿಸಿ.

ಒಂದು ಕಡೆ ಬಿ.ಇಡಿ., ಇನ್ನೊಂದು ಕಡೆ ದೂರಶಿಕ್ಷಣದ ಎಂ.ಎ. ಒಟ್ಟಿಗೆ ಮಾಡುವೆ ಎಂದು ಹೊರಡುವ ಮುನ್ನ ಎಚ್ಚರ. ಒಂದೇ ಕಾಲದಲ್ಲಿ ಎರಡು ಪದವಿ ಓದಲು 2022ರಲ್ಲಿ ಯುಜಿಸಿ ಅವಕಾಶ ಕೊಟ್ಟಿದೆ, ಆದರೆ ಬಿ.ಇಡಿ.ಗೆ ಶಿಕ್ಷಕರ ಶಿಕ್ಷಣವನ್ನು ನಿಯಂತ್ರಿಸುವ ಎನ್.ಸಿ.ಟಿ.ಇ. ನಿಯಮಗಳೂ ಅನ್ವಯಿಸುತ್ತವೆ. ಎರಡೂ ಸಂಸ್ಥೆಗಳಿಂದ ಲಿಖಿತ ಉತ್ತರ ಪಡೆದೇ ಹಣ ಕಟ್ಟಿ.

ಮದ್ದೂರಿನ ಪದವೀಧರೆ:

ಗಂಗೋತ್ರಿಗೇ ಅರ್ಜಿ ಹಾಕುತ್ತೇನೆ. ಅಪ್ಪನಿಗೆ ಏನು ಹೇಳಲಿ ಎಂಬುದನ್ನು ಮಾತ್ರ ಯಾರಾದರೂ ತಿಳಿಸಿ. 'ಸಂಶೋಧನೆ' ಎಂದರೆ ಅವರಿಗೆ ಕೆಲಸ ಎನಿಸುವುದಿಲ್ಲ.

ಕ್ಷೇತ್ರ ಸಂಶೋಧಕಿ, ಮೈಸೂರು:

ವರ್ಷದ ಲೆಕ್ಕದಲ್ಲಿ ಹೇಳಮ್ಮ, ರೈತರಿಗೆ ಅದು ಅರ್ಥವಾಗುತ್ತದೆ. ಎಂ.ಎ. ಎರಡು ವರ್ಷ. ಎರಡನೆಯ ವರ್ಷದಲ್ಲಿರುವಾಗಲೇ ಎನ್.ಇ.ಟಿ. ಬರೆಯಬಹುದು, ಅಂತಿಮ ವರ್ಷದವರಿಗೂ ಅವಕಾಶವಿದೆ. ಅದು ಜೂನ್ ಮತ್ತು ಡಿಸೆಂಬರ್ ಎಂದು ವರ್ಷಕ್ಕೆ ಎರಡು ಬಾರಿ ಬರುತ್ತದೆ. ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಯಾವುದಾದರೂ ಸಮೀಕ್ಷೆಯಲ್ಲಿ ತನಿಖೆಗಾರಳಾಗಿ ದುಡಿದು ಸ್ವಲ್ಪ ಹಣ ಮನೆಗೆ ತಂದರೆ, ಅದು ಕೆಲಸವೇ ಎಂದು ಅಪ್ಪನಿಗೆ ನಂಬಿಕೆ ಬರುತ್ತದೆ. ಎಂ.ಎ. ಮುಗಿದು ಒಂದು ವರ್ಷದೊಳಗೆ ಜೆ.ಆರ್.ಎಫ್. ಆಗಲಿಲ್ಲ ಎಂದರೆ ಆಗ ಬಿ.ಇಡಿ.ಗೆ ಸೇರುತ್ತೇನೆ ಎಂದು ಈಗಲೇ ಹೇಳಿಬಿಡು, ಪಿ.ಯು. ದಾರಿ ಎಲ್ಲಿಯೂ ಓಡಿಹೋಗುವುದಿಲ್ಲ.

ಅರ್ಜಿ ಹಾಕುವ ಮುನ್ನ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ನೋಡಿಕೋ. ಹಾಸ್ಟೆಲ್ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಅದನ್ನೇ ಕೇಳುತ್ತಾರೆ. ಪ್ರವೇಶದ ಹೊತ್ತಿನಲ್ಲಿ ನಾಡಕಚೇರಿಯಲ್ಲಿ ನೂಕುನುಗ್ಗಲು ಇರುತ್ತದೆ, ಈ ವಾರವೇ ಹೋಗಿ ಬಾ.